ಅರಸೀಕೆರೆ ಜಂಕ್ಷನ್: ಮೇನ್ ಲೈನಿಗೆ ಪೂರ್ತಿ ಅಂಕ, ಹಾಸನದ ಕವಲಿಗೆ ಅರ್ಧ

ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಓಡಾಡುವವರಿಗೆ ಅರಸೀಕೆರೆಯಲ್ಲಿ ಗಾಡಿಗಳ ಬರವಿಲ್ಲ. ವರ್ಷಗಳಿಂದ ಇಲ್ಲಿ ಹತ್ತಿ ಇಳಿಯುತ್ತಿರುವ ನನ್ನ ಆಯ್ಕೆ ಜನಶತಾಬ್ದಿ. ಮುಂಚೆ ಒಂಟಿ ಹಳಿ ಇದ್ದಾಗ ಎದುರು ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಬಿದ್ದಿರಬೇಕಿತ್ತು. ಜೋಡಿ ಹಳಿ ಬಂದ ಮೇಲೆ ಆ ಕ್ರಾಸಿಂಗ್ ಕಾಟ ತಪ್ಪಿದೆ.

ಹಾಸನ, ಮೈಸೂರಿನ ಕಡೆಗೆ ಒಡೆಯುವ ಕವಲಿನ ಕಥೆಯೇ ಬೇರೆ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ನೇರ ಮಾರ್ಗ ಶುರುವಾಯಿತು. ಬೆಂಗಳೂರಿನವರಿಗೆ ಅರಸೀಕೆರೆ ಸುತ್ತುವ ಕೆಲಸ ಉಳಿಯಲಿಲ್ಲ, ಒಳ್ಳೆಯದೇ ಆಯಿತು. ಆದರೆ ದಾವಣಗೆರೆ, ಹಾವೇರಿ ಕಡೆಯಿಂದ ಹಾಸನಕ್ಕೋ ಸಕಲೇಶಪುರಕ್ಕೋ ಹೊರಟವರಿಗೆ ಇವತ್ತಿಗೂ ಇದೇ ಜಂಕ್ಷನ್ ಗತಿ. ಧಾರವಾಡದ ಕಡೆಯಿಂದ ಮೈಸೂರಿಗೆ ಹೋಗುವ ರಾತ್ರಿ ಗಾಡಿಯಂಥದ್ದು ಸಿಕ್ಕರೆ ನಿದ್ದೆ ಮಾಡಿಕೊಂಡು ಹೋಗಬಹುದು. ಇಲ್ಲದಿದ್ದರೆ ಇಲ್ಲಿ ಇಳಿದು ಗಾಡಿ ಬದಲಿಸಬೇಕು. ನಮ್ಮ ಗಾಡಿ ತಡವಾಯಿತೆಂದು ಮುಂದಿನದು ಕಾಯುತ್ತದೆ ಎಂದು ಮಾತ್ರ ನಂಬಿಕೊಳ್ಳಬೇಡಿ.

ಎರಡೂ ಗಾಡಿಗೆ ರಿಸರ್ವೇಷನ್ ಮಾಡಿಸುವುದಿದ್ದರೆ ಎರಡು ಪಿಎನ್‌ಆರ್‌ಗಳನ್ನೂ (ಟಿಕೆಟ್‌ನ ಬುಕಿಂಗ್ ಸಂಖ್ಯೆ) ಜೋಡಿಸಿಕೊಳ್ಳಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯವಿದೆ, ಬಳಸುವವರು ಮಾತ್ರ ಕಡಿಮೆ. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ವಾಪಸ್ ಬರುತ್ತದೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ವಿವರ ಒಂದೇ ಇರಬೇಕು, ಮೊದಲ ಗಾಡಿ ಬಂದು ಮುಟ್ಟಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು. ಆನ್‌ಲೈನ್ ಟಿಕೆಟ್‌ಗಾದರೆ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಆನ್‌ಲೈನ್ ಅರ್ಜಿ.

ಜನರಲ್ ಡಬ್ಬಿಯವರು ಹೊರಡುವ ಊರಿನಲ್ಲೇ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ತೆಗೆದುಕೊಳ್ಳುವುದು ಲೇಸು. ಇಲ್ಲಿ ಇಳಿದು ಮತ್ತೆ ಕೌಂಟರಿನ ಸಾಲಿನಲ್ಲಿ ನಿಂತರೆ ಕಣ್ಣೆದುರೇ ಗಾಡಿ ಹೊರಡುತ್ತದೆ. ಒಂದು ಎಚ್ಚರಿಕೆ: ಸಾದಾ ಎಕ್ಸ್‌ಪ್ರೆಸ್ ಟಿಕೆಟ್ ಇಟ್ಟುಕೊಂಡು ಸೂಪರ್‌ಫಾಸ್ಟ್ ಹತ್ತುವ ಹಾಗಿಲ್ಲ, ಅದಕ್ಕೆ ಸರ್‌ಚಾರ್ಜ್ ಬೇರೆ.

ಎರಡು ಗಾಡಿಗಳ ನಡುವೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳುವುದು ನನ್ನ ರೂಢಿ. ವಯಸ್ಸಾದವರು ಜೊತೆಗಿದ್ದರೆ ಇನ್ನೂ ಅರ್ಧ ಗಂಟೆ ಸೇರಿಸುತ್ತೇನೆ. ಲಗೇಜು ಹೊತ್ತು ಮೇಲ್ಸೇತುವೆ ಹತ್ತಿ ಇಳಿಯುವುದು ಅವರಿಗೆ ಹುಡುಗಾಟವಲ್ಲ.

ಹಾಸನದ ಗಾಡಿಗೆ ತೀರಾ ಹೊತ್ತಿದ್ದರೆ ಸ್ಟೇಷನ್ನಿನಲ್ಲಿ ಕೂರುವ ಹಟ ಬೇಡ. ಹಾಸನಕ್ಕೆ ರಸ್ತೆಯಲ್ಲಿ ಸುಮಾರು 45 ಕಿ.ಮೀ. ಅಷ್ಟೇ. ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿಬಿಡಿ.