ಉಬುಂಟುವಿನಲ್ಲಿ ಎನ್‌ವಿಡಿಯಾ ಡ್ರೈವರ್: ರನ್ ಫೈಲ್ ಬೇಡ, ಪ್ಯಾಕೇಜೇ ಸಾಕು

ಉಬುಂಟು 22.04 ಅಥವಾ 24.04ಕ್ಕೆ ಎನ್‌ವಿಡಿಯಾ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಎರಡು ರೂಪದಲ್ಲಿ ಸಿಗುತ್ತದೆ: ಕಂಪನಿಯ ಜಾಲತಾಣದಿಂದ ಇಳಿಸಿ ನೇರವಾಗಿ ಓಡಿಸುವ ರನ್ ಫೈಲ್, ಉಬುಂಟು ಭಂಡಾರದ ಪ್ಯಾಕೇಜ್. ಒಳಗಿನ ಸರಕು ಒಂದೇ. ಯಾವುದು ಗಟ್ಟಿ ಎಂಬುದು ಗೊತ್ತಾಗುವುದು ಕರ್ನಲ್ (ವ್ಯವಸ್ಥೆಯ ತಿರುಳು) ಅಪ್‌ಡೇಟ್ ಆದ ಮೇಲೆ. ಆ ಪರೀಕ್ಷೆಯಲ್ಲಿ ಪ್ಯಾಕೇಜ್ ಗೆಲ್ಲುತ್ತದೆ.

ಡ್ರೈವರ್‌ನ ಒಂದು ಭಾಗ ಕರ್ನಲ್ ಮಾಡ್ಯೂಲ್, ಎಂದರೆ ಕರ್ನಲ್‌ಗೆ ಸೇರಿಕೊಳ್ಳುವ ತುಣುಕು. ಒಂದು ಕರ್ನಲ್‌ಗೆಂದು ಕಟ್ಟಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲನ್ನು ತಾನಾಗಿ ಮತ್ತೆ ಕಟ್ಟುವ ಡಿಕೆಎಂಎಸ್‌ಗೆ ಸೇರಿಸದೆ ರನ್ ಫೈಲ್ ಹಾಕಿದ್ದರೆ ಹೊಸ ಕರ್ನಲ್‌ಗೆ ಮಾಡ್ಯೂಲೇ ಇರುವುದಿಲ್ಲ. ಪರದೆ ಕಪ್ಪಾಗುತ್ತದೆ, ಇಲ್ಲವೇ ಅಕ್ಷರಗಳು ದಪ್ಪಗಾಗಿ ಎಲ್ಲ ನಿಧಾನವಾಗುತ್ತದೆ. ಉಬುಂಟುವಾದರೋ ತನ್ನ ಕರ್ನಲ್‌ಗಳಿಗೆ ಮೊದಲೇ ಕಟ್ಟಿ, ಸಹಿ ಹಾಕಿದ ಮಾಡ್ಯೂಲ್‌ಗಳನ್ನೂ ಕೊಡುತ್ತದೆ. 22.04ರಲ್ಲಿ 'ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ-535-ಜೆನೆರಿಕ್-ಎಚ್‌ಡಬ್ಲ್ಯೂಇ-22.04' ಅಂಥದ್ದು. ಕರ್ನಲ್ ಬಂದಾಗ ಹೊಂದುವ ಮಾಡ್ಯೂಲನ್ನೂ ಇದೇ ಎಳೆದು ತರುತ್ತದೆ. ಸಹಿಯಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಕೂಡ ತಕರಾರು ಮಾಡುವುದಿಲ್ಲ.

ಆದರೂ ಕೆಡುವುದುಂಟು. ಕಂಪ್ಯೂಟರ್ ಶುರುವಾಗುವಾಗ ಕರ್ನಲ್ ಆರಿಸಲು ಬರುವ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಪರದೆ ಸರಿಯಿದ್ದರೆ ಕಾರ್ಡ್ ಕೆಟ್ಟಿಲ್ಲ, ಹೊಸ ಕರ್ನಲ್‌ನ ಮಾಡ್ಯೂಲ್ ಕಟ್ಟಿಲ್ಲ ಇಲ್ಲವೇ ಸೇರಿಕೊಂಡಿಲ್ಲ ಎಂದರ್ಥ. ಏನನ್ನೂ ಅಳಿಸುವ ಮೊದಲು ಈ ಪರೀಕ್ಷೆ ಆಗಲೇಬೇಕು. ಹಳೆಯ ಕರ್ನಲ್ಲೂ ಏಳದಿದ್ದರೆ ಗ್ರಬ್‌ನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' (ಸರಳ ಪರದೆಯಲ್ಲೇ ಬೂಟ್ ಮಾಡು ಎಂಬ ಸೂಚನೆ) ಸೇರಿಸಿ ಎಫ್10 ಒತ್ತಿ.

ಮುಂದೆ ಟರ್ಮಿನಲ್‌ನಲ್ಲಿ 'ಡಿಕೆಎಂಎಸ್ ಸ್ಟೇಟಸ್' ಓಡಿಸಿ. ಹೊಸ ಕರ್ನಲ್‌ನ ಎದುರು 'ಇನ್‌ಸ್ಟಾಲ್ಡ್' ಇಲ್ಲದಿದ್ದರೆ ಹೆಚ್ಚಿನ ಸಲ ಕಾರಣ ಮಾಡ್ಯೂಲ್ ಕಟ್ಟಲು ಬೇಕಾದ ಹೆಡರ್ ಪ್ಯಾಕೇಜ್ ಇಲ್ಲದಿರುವುದು. 'ಲಿನಕ್ಸ್-ಹೆಡರ್ಸ್-ಜೆನೆರಿಕ್' ಹಾಕಿ, ಎಚ್‌ಡಬ್ಲ್ಯೂಇ (ಹೊಸ ಯಂತ್ರಾಂಶಕ್ಕೆಂದು ಬರುವ) ಕರ್ನಲ್ ಇದ್ದರೆ ಅದರದೇ ಹೆಡರ್ ಬೇಕು. 22.04ರಲ್ಲಿ ಇನ್ನೊಂದು ತೊಡಕಿತ್ತು: 6.5 ಕರ್ನಲ್ ಕಟ್ಟಿದ್ದು ಜಿಸಿಸಿ-12 ಎಂಬ ಕಂಪೈಲರ್‌ನಿಂದ, ವ್ಯವಸ್ಥೆಯಲ್ಲಿದ್ದದ್ದು ಜಿಸಿಸಿ-11. ಮಾಡ್ಯೂಲ್ ಕಟ್ಟುವುದು ಅರ್ಧಕ್ಕೇ ನಿಲ್ಲುತ್ತಿತ್ತು. ಜಿಸಿಸಿ-12 ಹಾಕಿ 'ಡಿಕೆಎಂಎಸ್ ಆಟೊಇನ್‌ಸ್ಟಾಲ್' ಓಡಿಸಿದರೆ ಮುಗಿಯಿತು.

'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂದು ಬಂದರೆ ದೋಷ ಸೆಕ್ಯೂರ್ ಬೂಟ್‌ನದು: ಮಾಡ್ಯೂಲ್ ಇದೆ, ಅದಕ್ಕೆ ಸಹಿ ಹಾಕಿದ ಕೀ ನೋಂದಣಿಯಾಗಿಲ್ಲ. 'ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ' ಕೊಟ್ಟು, ಪಾಸ್‌ವರ್ಡ್ ಇಟ್ಟು ರೀಬೂಟ್ ಮಾಡಿ. ನೀಲಿ ಪರದೆಯಲ್ಲಿ 'ಎನ್‌ರೋಲ್ ಮೋಕ್' ಆರಿಸಬೇಕು (ಮೋಕ್ ಎಂದರೆ ಯಂತ್ರದ ಒಡೆಯ ನೋಂದಾಯಿಸುವ ಕೀ). ಆ ಪರದೆ ಹತ್ತೇ ಸೆಕೆಂಡು ಕಾಯುತ್ತದೆ. ಮುಟ್ಟದಿದ್ದರೆ ನೋಂದಣಿಯಾಗದೆ ಬೂಟ್ ಆಗಿಬಿಡುತ್ತದೆ. ಇಷ್ಟು ಮುಖ್ಯವಾದ ಹೆಜ್ಜೆಗೆ ಇಷ್ಟು ಕಡಿಮೆ ಸಮಯ ಕೊಟ್ಟಿರುವುದು ನಿಜಕ್ಕೂ ತಪ್ಪು.

'ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್' ಎಂದು ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಹೇಳಿದರೆ ಗಾಬರಿ ಬೇಡ. ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿರುವ ಮಾಡ್ಯೂಲ್ ಹಳೆಯದು, ರೀಬೂಟ್ ಸಾಕು. ರೀಬೂಟ್ ಆದರೂ ಬಿಡದಿದ್ದರೆ ರನ್ ಫೈಲಿನ ಮೇಲೆ ಪ್ಯಾಕೇಜ್ ಕೂತಿದೆಯೇ ನೋಡಿ. ಆಗ ಮೊದಲು 'ಸುಡೊ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್', ಆಮೇಲೆ 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್'. ಈ ಅನುಕ್ರಮ ತಪ್ಪಬಾರದು: ರನ್ ಫೈಲ್ ಬಿಟ್ಟುಹೋದ ಲೈಬ್ರರಿಗಳು ಪ್ಯಾಕೇಜ್ ನಿರ್ವಹಿಸುವ ಆಪ್ಟ್‌ನ ಲೆಕ್ಕಕ್ಕೆ ಸಿಗುವುದಿಲ್ಲ.

ಕಾರ್ಡ್ ಯಾವುದೆಂಬುದೂ ಮುಖ್ಯ. ಜಿಟಿಎಕ್ಸ್ 600ರ ಸರಣಿಯ ಕೆಪ್ಲರ್ ಕಾರ್ಡ್‌ಗಳಿಗೆ 470ನೆಯದೇ ಡ್ರೈವರ್‌ನ ಕೊನೆಯ ಶಾಖೆ (ಆವೃತ್ತಿ ಸರಣಿ). ಜಿಟಿಎಕ್ಸ್ 1000 ಸರಣಿಯ ಪ್ಯಾಸ್ಕಲ್‌ಗೆ 580. ಇದಕ್ಕಿಂತ ಮುಂದಿನದು ಹಾಕಿದರೆ ಕಾರ್ಡನ್ನೇ ಗುರುತಿಸುವುದಿಲ್ಲ. ಆರ್‌ಟಿಎಕ್ಸ್ 50 ಸರಣಿಯದು ತದ್ವಿರುದ್ಧ: ಹೆಸರಿನ ಕೊನೆಗೆ 'ಓಪನ್' ಎಂದಿರುವ ಪ್ಯಾಕೇಜನ್ನೇ ಆರಿಸಬೇಕು, ಮೂಲ ಸಂಕೇತ ಮುಚ್ಚಿಟ್ಟ ಮಾಡ್ಯೂಲ್ ಅದಕ್ಕೆ ಓಡುವುದೇ ಇಲ್ಲ.

ಪ್ಯಾಕೇಜಿನ ಕೊರತೆಯೂ ಇದೆ: ಹೊಸ ಆವೃತ್ತಿ ತಡವಾಗಿ ಬರುತ್ತದೆ. ಹೊಚ್ಚಹೊಸ ಕಾರ್ಡ್ ಕೊಂಡವರು 'ಗ್ರಾಫಿಕ್ಸ್-ಡ್ರೈವರ್ಸ್' ಪಿಪಿಎ (ಮುಖ್ಯ ಭಂಡಾರದ ಹೊರಗಿನ ಹೆಚ್ಚುವರಿ ಭಂಡಾರ) ಸೇರಿಸಿಕೊಳ್ಳಬಹುದು. ಆಗ ಸಹಿ ಮಾಡಿದ ಮಾಡ್ಯೂಲ್‌ನ ಅನುಕೂಲ ತಪ್ಪಿ, ಹೆಡರ್ ಮತ್ತು ಮೋಕ್ ಕೀಯ ಹೊಣೆ ಮತ್ತೆ ನಿಮ್ಮ ಮೇಲೆಯೇ.