ಡೀಸೆಲ್ ಟ್ಯಾಂಕಿಗೆ ಬೀಗವೋ, ತೊಟ್ಟಿಯೋ, ಜಾಲರಿಯೋ, ಸೆನ್ಸರೋ? ನಾಲ್ಕೂ ಹಾಕಿ ನೋಡಿದ್ದೇನೆ

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದ್ದ ತಿಂಗಳು. ನನ್ನ ಪಿಕಪ್ ಮೇಲೆ ನೂರು ಬಾಕ್ಸ್, ಅಂದರೆ ಎರಡು ಲಕ್ಷದ ಮಾಲು. ಟೊಮೆಟೊ ಕಳ್ಳತನದ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿದ್ದ ಕಾಲ. ರಾತ್ರಿ ಒಂದೂವರೆಗೆ ಚೆನ್ನೈನ ಕೊಯಂಬೇಡು ಮಾರುಕಟ್ಟೆಗೆ ಹೊರಡಬೇಕಿತ್ತು. ಅಲ್ಲಿಯವರೆಗೆ ಟಾರ್ಪಾಲಿನ ಮೇಲೆಯೇ ಮಲಗಿದೆ, ಪಕ್ಕದಲ್ಲಿ ಜಾಕಿ ರಾಡು ಇಟ್ಟುಕೊಂಡು. ಅಲಾರಂ ಹೊಡೆಯಿತು, ಇಳಿದು ಕೀ ತಿರುಗಿಸಿದೆ. ಡೀಸೆಲ್ ಮುಳ್ಳು ಏಳಲೇ ಇಲ್ಲ. ನಾನು ಮೇಲೆ ಟೊಮೆಟೊ ಕಾಯುತ್ತಿದ್ದಾಗ ಯಾರೋ ಕೆಳಗೆ ಕೂತು ಆರಾಮಾಗಿ ಟ್ಯಾಂಕಿನ ಡೀಸೆಲ್ ಎಳೆದುಕೊಂಡು ಹೋಗಿದ್ದರು. ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಹಿಡಿದದ್ದು 46 ಲೀಟರ್. ಆಗಿನ ರೇಟಿಗೆ ನಾಲ್ಕು ಸಾವಿರ.

ಹೋಗಲಿ ಅಂತ ಹೊರಟೆ. ನಂಗಲಿ ಹತ್ತಿರ ಗಾಡಿ ಎಳೆತ ಕಳೆದುಕೊಂಡು ನಿಂತಿತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿತು. ಪಲಮನೇರು ದಾಟಿದ ಮೇಲೆ ಮತ್ತೆ ಅದೇ ಕಥೆ. ಮೂರನೇ ಸಲ ಮೊಗಿಲಿ ಘಾಟಿನ ಇಳಿಜಾರಿನಲ್ಲಿ. ಗೇರ್ ಬದಲಿಸಲು ಕ್ಲಚ್ ಒತ್ತಿದ್ದೇ ತಡ, ಇಂಜಿನ್ ಸತ್ತು ಸ್ಟೀರಿಂಗ್ ಕಲ್ಲಿನಂತಾಯಿತು. ಎರಡು ಸಲ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಯಿತು. ಒಂದೂವರೆ ಟನ್ ಲೋಡು ಹಿಂದಿನಿಂದ ದಬ್ಬುತ್ತಿತ್ತು. ಹೇಗೋ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಪಕ್ಕಕ್ಕೆ ತಂದೆ. ಚಿತ್ತೂರಿನಲ್ಲಿ ಮೆಕ್ಯಾನಿಕ್ ಟ್ಯಾಂಕ್ ಇಳಿಸಿದಾಗ ಒಳಗಿಂದ ಬಂದದ್ದು ಅಂಗೈ ಅಗಲದ ಲುಂಗಿ ಚೂರು. ಡೀಸೆಲ್ ಎಳೆಯಲು ಕಳ್ಳ ಪೈಪ್ ತೂರಿಸುವಾಗ ಸಂದಿಗೆ ಸುತ್ತಿದ ಬಟ್ಟೆ, ಒಳಗೆ ಜಾರಿತ್ತು. ಇಂಜಿನ್ ಓಡುವಾಗ ಡೀಸೆಲ್ ಜತೆ ಎಳೆದುಕೊಂಡು ಹೋಗಿ ಹೀರುವ ಪೈಪಿನ ಬಾಯಿಗೆ ಅಂಟಿಕೊಳ್ಳುವುದು, ನಿಂತಾಗ ಕಳಚಿ ಕೆಳಗೆ ಬೀಳುವುದು. ಗಾಡಿ ಹತ್ತು ನಿಮಿಷ ಬಿಟ್ಟರೆ ಹುಷಾರಾಗುತ್ತಿದ್ದ ಗುಟ್ಟು ಅದು. ಕೊಯಂಬೇಡು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಬೆಳಗಿನ ಹರಾಜು ಮುಗಿದು, ಕೆಳಗಿನ ಸಾಲಿನ ಬಾಕ್ಸುಗಳು ಬೆವರಲು ಶುರುವಾಗಿದ್ದವು.

ಅವತ್ತಿನಿಂದ ನನ್ನ ಲೆಕ್ಕವೇ ಬೇರೆ. ಹೋದ ಡೀಸೆಲ್ ನಾಲ್ಕು ಸಾವಿರದಲ್ಲಿ ತೀರುತ್ತದೆ. ಟ್ಯಾಂಕಿನ ಒಳಗೆ ಬಂದ ಬಟ್ಟೆ, ಮರಳು, ನೀರು ಎಷ್ಟರಲ್ಲಿ ತೀರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಡೀಸೆಲನ್ನು ಭಾರಿ ಒತ್ತಡದಲ್ಲಿ ಚಿಮ್ಮಿಸುವ ಈಗಿನ ಕಾಮನ್ ರೈಲ್ ಇಂಜಿನ್ನುಗಳ ಇಂಜೆಕ್ಟರ್ ಕೂದಲೆಳೆಗಿಂತ ಸಣ್ಣ ಕೊಳೆಯನ್ನೂ ಸಹಿಸುವುದಿಲ್ಲ. ಹಾಗಾಗಿ ಕೆಳಗಿನ ಒಂದೊಂದನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಡೀಸೆಲ್ ಹೊರಗೆ ಹೋಗುವುದನ್ನು ತಡೆಯಿತೇ? ಕೊಳೆ ಒಳಗೆ ಬರುವುದನ್ನು ತಡೆಯಿತೇ?

ಮೊದಲು ಹಾಕಿದ್ದು ಎಲ್ಲರೂ ಹಾಕುವ ಬೀಗದ ಮುಚ್ಚಳ. 350 ರೂಪಾಯಿಯದ್ದು. ಬೀಗವೇನೋ ಗಟ್ಟಿಯಾಗಿತ್ತು. ಆದರೆ ವಾರದೊಳಗೆ ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ಮಂಕಾಗತೊಡಗಿತು. ಮತ್ತೆ ಲುಂಗಿ ಚೂರೇನೋ ಅಂತ ಎದೆ ಒಡೆಯಿತು. ಮುಚ್ಚಳ ತಿರುಗಿಸಿದರೆ ‘ಸ್ಸ್’ ಅಂತ ಗಾಳಿ ಒಳಗೆ ನುಗ್ಗಿದ ಸದ್ದು. ಡೀಸೆಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕು. ಗಾಡಿಯ ಜತೆ ಬಂದ ಮುಚ್ಚಳದಲ್ಲಿ ಅದಕ್ಕೊಂದು ಸಣ್ಣ ವಾಲ್ವ್ ಇರುತ್ತದೆ; ಈ ಅಗ್ಗದ ಮುಚ್ಚಳದಲ್ಲಿ ಇರಲಿಲ್ಲ. ಮೆಕ್ಯಾನಿಕ್ ಹುಡುಗ ‘ಒಂದು ತೂತು ಹೊಡೀತೀನಣ್ಣ’ ಅಂದ, ನಾನೂ ಹೂಂ ಅಂದೆ. ಇಬ್ಬರದೂ ದಡ್ಡತನ. ಮೊದಲ ಮಳೆಗೇ ಫಿಲ್ಟರಿನಲ್ಲಿ ನೀರು ಬಂತು. ಆಮೇಲೆ 900 ಕೊಟ್ಟು ವಾಲ್ವ್ ಇರುವ ಮುಚ್ಚಳ ತಂದೆ. ಕೊಳ್ಳುವಾಗ ಅಂಗಡಿಯಲ್ಲೇ ಒಳಮೈ ತಿರುಗಿಸಿ ನೋಡಿ, ಸಣ್ಣ ಸ್ಪ್ರಿಂಗ್ ಬಿಲ್ಲೆ ಕಾಣದಿದ್ದರೆ ವಾಪಸ್ ಇಡಿ. ಇನ್ನೊಂದು ಮಾತು, ಬೀಗ ಬಿಗಿಯಾದರೆ ಎಣ್ಣೆ ಬಿಡಬೇಡಿ. ಎಣ್ಣೆ ನಮ್ಮ ರಸ್ತೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಪೆನ್ಸಿಲ್ ಸೀಸ ಕೆರೆದು ಪುಡಿ ಊದಿದರೆ ಸಾಕು.

ಬೀಗದ ಮುಚ್ಚಳ ಒಂದು ವರ್ಷಕ್ಕೂ ಮೇಲೆ ಕಾಪಾಡಿತು. 2024ರ ನವೆಂಬರಿನಲ್ಲಿ, ಮನೆ ಮುಂದೆಯೇ, ಕಳ್ಳರು ಮುಚ್ಚಳ ಮುಟ್ಟಲೇ ಇಲ್ಲ. ಟ್ಯಾಂಕಿನ ತಳದ ಡ್ರೈನ್ ಬೋಲ್ಟ್ ಬಿಚ್ಚಿದ್ದರು. ಒಂದು ಸ್ಪ್ಯಾನರ್, ಒಂದು ಬಕೆಟ್, ಅಷ್ಟೇ ಖರ್ಚು. ಕ್ಯಾನು ತುಂಬಿದ ಮೇಲೆ ಬೋಲ್ಟ್ ವಾಪಸ್ ತಿರುಗಿಸುವಷ್ಟು ದಾಕ್ಷಿಣ್ಯವೂ ಇರಲಿಲ್ಲ. ಉಳಿದದ್ದೆಲ್ಲ ಚರಂಡಿಗೆ ಹರಿದು ಬೀದಿಯೆಲ್ಲ ವಾಸನೆ. ಎರಡನೇ ಸಲವಾದ್ದರಿಂದ ಕಂಪ್ಲೇಂಟ್ ಕೊಡಲು ಹೋದೆ. ಅಲ್ಲಿ ಕಲಿತದ್ದು: 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ, ಕದ್ದ ಮಾಲು 5000 ರೂಪಾಯಿಗಿಂತ ಕಡಿಮೆಯದ್ದಾಗಿದ್ದು, ಮೊದಲ ಸಲ ಅಪರಾಧ ಸಾಬೀತಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನನ್ನದು ಮೂರು ಸಾವಿರ ಚಿಲ್ಲರೆ. 60 ಲೀಟರಿನ ಟ್ಯಾಂಕು ಕಂಠಮಟ್ಟ ತುಂಬಿದ್ದು, ಕಳ್ಳ ಹೆಚ್ಚುಕಡಿಮೆ ಕೊನೆಯ ಹನಿವರೆಗೂ ಬಸಿದರೆ ಮಾತ್ರ ಆಗಿನ ರೇಟಿಗೆ ಐದು ಸಾವಿರದ ಗೆರೆ ದಾಟುತ್ತಿತ್ತು. ಕಂಪ್ಲೇಂಟ್ ಬಂದದ್ದಕ್ಕೆ ಒಂದು ಚೀಟಿ ಕೊಟ್ಟರು, ತೆಗೆದುಕೊಂಡು ಬಂದೆ.

ಆಗ ಮಾಡಿಸಿದ್ದು ಕಬ್ಬಿಣದ ತೊಟ್ಟಿ. 3 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟಿನಲ್ಲಿ ಟ್ಯಾಂಕಿನ ತಳ ಮತ್ತು ಹೊರಬದಿ ಮುಚ್ಚುವಂಥದ್ದು, ಬೈಪಾಸ್ ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ, 2,800 ರೂಪಾಯಿಗೆ. ಶಾಪಿನವನು ಗಾಡಿ ಮೇಲೆಯೇ ಬೆಸುಗೆ ಹಾಕುತ್ತೇನೆ ಅಂದಾಗ ನಾನು ಕೀ ಕಿತ್ತುಕೊಂಡು ಪಕ್ಕದಲ್ಲಿ ಕೂತೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು, ಒಳಗೆಲ್ಲ ಆವಿ. ಅಳತೆ ಕೊಟ್ಟು, ಹೊರಗೆ ಬೇರೆಯಾಗಿ ಮಾಡಿಸಿ, ಚಾಸಿಯಲ್ಲಿ (ಗಾಡಿಯ ಅಡಿಯ ಚೌಕಟ್ಟು) ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಹಾಕಿಸಿದೆ. ಚಾಸಿಗೆ ಹೊಸ ತೂತು ಹೊಡೆಯಲು ಬಿಡಬೇಡಿ. ಬೋಲ್ಟುಗಳು ಅಲೆನ್ ಕೀಯವು, ಅಂದರೆ ತಲೆಯಲ್ಲಿ ಆರು ಮೂಲೆಯ ಗುಂಡಿ ಇರುವಂಥವು; ಬಿಗಿ ಮಾಡಿದ ಮೇಲೆ ಅವುಗಳ ಗುಂಡಿಯೊಳಗೆ ಹಳೇ ಬೇರಿಂಗಿನ ಗೋಲಿ ಇಟ್ಟು ಸುತ್ತಿಗೆಯಲ್ಲಿ ಒಂದೇಟು. ಆಮೇಲೆ ಯಾವ ಕೀಯೂ ಕೂರುವುದಿಲ್ಲ. ಬಿಚ್ಚಬೇಕಾದರೆ ಪಂಚ್ ಹಿಡಿದು ಕುಟ್ಟಿ ಗೋಲಿ ಎಬ್ಬಿಸಬೇಕು. ರಾತ್ರಿ ಎರಡು ಗಂಟೆಗೆ ಅಷ್ಟು ಸದ್ದು ಮಾಡುವ ಕಳ್ಳ ಇನ್ನೂ ಹುಟ್ಟಿಲ್ಲ.

ತೊಟ್ಟಿಯ ತೊಂದರೆ ಮಳೆಗಾಲದಲ್ಲಿ ಗೊತ್ತಾಯಿತು. ನೀರು ಇಳಿಯಲು ತಳದಲ್ಲಿ ನಾಲ್ಕು ತೂತು ಬಿಡಿಸಿದ್ದೆ, ಕೆಸರು ಅವನ್ನು ಮುಚ್ಚಿತ್ತು. ಜತೆಗೆ ಒಂದು ಜಲ್ಲಿಕಲ್ಲು ಸಂದಿಯಲ್ಲಿ ಸಿಕ್ಕಿ, ಗಾಡಿ ಕುಲುಕಿದಂತೆಲ್ಲ ಟ್ಯಾಂಕನ್ನು ಉಜ್ಜುತ್ತಾ ಬಣ್ಣ ಕಿತ್ತು ಬೆಳ್ಳಿಯಂತೆ ಹೊಳೆಯುವ ಮಚ್ಚೆ ಮಾಡಿತ್ತು. ಇನ್ನೆರಡು ತಿಂಗಳು ನೋಡದಿದ್ದರೆ ಕಳ್ಳ ಮಾಡದ ತೂತನ್ನು ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡಂತಾಗುತ್ತಿತ್ತು. ಈಗ ನಡುವೆ ಹಳೇ ಲಾರಿ ಟ್ಯೂಬಿನ ಪಟ್ಟಿ ಇದೆ, ವಾಟರ್ ಸರ್ವಿಸಿಗೆ ಬಿಟ್ಟಾಗ ತೂತುಗಳಿಗೆ ಪೈಪ್ ಹಿಡಿಸುತ್ತೇನೆ.

ತಳ ಗಟ್ಟಿಯಾದ ಮೇಲೆ ಅವರು ಮತ್ತೆ ಮೇಲಕ್ಕೆ ಬಂದರು. ಈ ಸಲ ಸ್ಕ್ರೂಡ್ರೈವರ್ ಹಾಕಿ ಮೀಟಿ ಮುಚ್ಚಳ ಮುರಿದರು, ಜತೆಗೆ ಟ್ಯಾಂಕಿನ ಕತ್ತಿನ ಅಂಚೂ ಬಾಗಿತು. ಬೀಗದ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅಲ್ಲಿ ಇಲ್ಲಿ ಕೈಯಾಡಿಸುವವನನ್ನು ಅದು ನಿಲ್ಲಿಸುತ್ತದೆ, ತಯಾರಾಗಿ ಬಂದವನಿಂದ ಇನ್ನಷ್ಟು ಹಾಳು ಮಾಡಿಸುತ್ತದೆ. ಕತ್ತು ಸರಿ ಮಾಡಿಸುವಾಗಲೇ ಒಳಗೆ ಜಾಲರಿ ಹಾಕಿಸಿದೆ: ಗೇಣುದ್ದದ ಲೋಹದ ಕೊಳವೆ, ಮೈತುಂಬ ಸಣ್ಣ ತೂತು, ತಳ ಮುಚ್ಚಿದ್ದು, ಕತ್ತಿಗೆ ರಿವೆಟ್ ಹೊಡೆದು ಕೂರಿಸುವಂಥದ್ದು. 650 ರೂಪಾಯಿ, ಕೂಲಿ ಬೇರೆ. ಡೀಸೆಲ್ ಇಳಿಯುತ್ತದೆ, ಪೈಪ್ ಇಳಿಯುವುದಿಲ್ಲ. ಬಟ್ಟೆಯಂತೂ ಇಳಿಯುವುದೇ ಇಲ್ಲ.

ಕಿರಿಕಿರಿ ಬಂಕಿನಲ್ಲಿ. ನಳಿಕೆಯ ತುದಿಯಲ್ಲಿರುವ ಸಣ್ಣ ತೂತಿಗೆ ನೊರೆ ಮುಟ್ಟಿದರೆ ಟ್ಯಾಂಕ್ ತುಂಬಿತೆಂದು ತಿಳಿದು ಅದು ತಾನೇ ಕಟ್ ಆಗುತ್ತದೆ. ಜಾಲರಿಯೊಳಗೆ ಡೀಸೆಲ್ ಬಡಿದು ನೊರೆಯೇಳುತ್ತದೆ. ಟಕ್, ಮತ್ತೆ ಒತ್ತು, ಟಕ್. ಮೊದಲ ಸಲ ನಲವತ್ತು ಲೀಟರಿಗೆ ಆರು ನಿಮಿಷ ಹಿಡಿಯಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ, ಬಂಕ್ ಹುಡುಗ ‘ಅಣ್ಣಾ, ಇದನ್ನ ಕಿತ್ತಾಕಿ’ ಅಂದ. ಟ್ರಿಗರ್ ಅರ್ಧ ಒತ್ತಿ, ನಳಿಕೆಯನ್ನು ಸ್ವಲ್ಪ ಓರೆ ಹಿಡಿದರೆ ಮೂರು ನಿಮಿಷಕ್ಕೆ ಮುಗಿಯುತ್ತದೆ ಅಂತ ಆಮೇಲೆ ಕಂಡುಕೊಂಡೆ. ಈಗಲೂ ಬೆಳಗಿನ ರಶ್ಶಿನಲ್ಲಿ ಬಂಕಿಗೆ ಹೋಗುವುದಿಲ್ಲ. ಆದರೆ 2025ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೀಗದ ಮುಚ್ಚಳ ನೆಲದ ಮೇಲಿತ್ತು, ಪಕ್ಕದಲ್ಲಿ ಗೇಣುದ್ದದ ಹಸಿರು ಪೈಪಿನ ತುಂಡು, ತುದಿ ಜಜ್ಜಿಹೋಗಿತ್ತು. ಡೀಸೆಲ್ ಇದ್ದಲ್ಲೇ ಇತ್ತು. ಎರಡೂ ಪ್ರಶ್ನೆಗೆ ‘ಹೌದು’ ಅಂದದ್ದು ಈ ಆರುನೂರೈವತ್ತರ ವಸ್ತು ಒಂದೇ.

ಸೆನ್ಸರಿನ ವಿಷಯ ಹೇಳುವುದು ನನಗೆ ಅಷ್ಟು ಸುಲಭವಲ್ಲ. ಅದನ್ನು ಹಾಕಿಸಿದ್ದು ಕಳ್ಳರಿಗಾಗಿ ಅಂತ ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ, ಸೊಂಟನೋವಿಗೆ ಎರಡು ತಿಂಗಳು ಬೇರೆ ಹುಡುಗನಿಗೆ ಗಾಡಿ ಕೊಡಬೇಕಿತ್ತು. ಜಿಪಿಎಸ್ ಜತೆ ಡೀಸೆಲ್ ಮಟ್ಟ ಅಳೆಯುವ ಕಡ್ಡಿ, 7,500 ರೂಪಾಯಿ, ವರ್ಷಕ್ಕೆ 1,800 ಬೇರೆ. ಟ್ಯಾಂಕಿನ ನೆತ್ತಿಯಲ್ಲಿ ತೂತು ಮಾಡಿ ಕಡ್ಡಿ ಇಳಿಸುತ್ತಾರೆ. ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಸುರಿದು, ಪ್ರತಿ ಸಲ ಮೊಬೈಲಿನಲ್ಲಿ ಅಂಕಿ ಬರೆದು, ಹನ್ನೆರಡು ಸಲ ಹೀಗೆ. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ಟ್ಯಾಂಕು ಮಟ್ಟಸವಾಗಿ ನಿಂತಾಗಿನ ಲೆಕ್ಕ ಅದು. ಗಾಡಿ ವಾಲಿದರೆ ಡೀಸೆಲ್ ಒಂದು ಕಡೆ ಸರಿಯುತ್ತದೆ, ಕಡ್ಡಿ ಸುಳ್ಳು ಹೇಳುತ್ತದೆ. ಇದು ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ರಾತ್ರಿ ಮೂರು ಗಂಟೆಗೆ ಮೆಸೇಜು: ರಾಣಿಪೇಟೆ ಹತ್ತಿರ, ಗಾಡಿ ನಿಂತಿದೆ, 6 ಲೀಟರ್ ಇಳಿದಿದೆ. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹುಡುಗ ‘ಟೀ ಕುಡಿಯೋಕೆ ನಿಲ್ಸಿದೀನಿ ಅಣ್ಣ’ ಅಂದದ್ದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಅರ್ಧ ಗಂಟೆಗೆ ಗಾಡಿ ಹೊರಟಿತು, ಆರೂ ಲೀಟರ್ ತಾನಾಗಿ ವಾಪಸ್ ಬಂತು. ಎರಡು ಚಕ್ರ ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿದ್ದ, ಅಷ್ಟೇ. ಬೆಳಿಗ್ಗೆ ಟೊಮೆಟೊ ಇಳಿಸಿ, ಬಾಡಿಗೆ ದುಡ್ಡು ಪೈಸೆ ಸಮೇತ ಲೆಕ್ಕ ಕೊಟ್ಟು, ಕೀ ಮೇಜಿನ ಮೇಲಿಟ್ಟು ಹೋದ. ಮತ್ತೆ ಬರಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ಮೂರನೇ ಸಲ ಮಾಡಲು ಮುಖ ಇರಲಿಲ್ಲ.

ಅದೇ ಕಡ್ಡಿ ಇನ್ನೊಂದು ಸಲ, ಬಂಕಿನಲ್ಲಿ 40 ಹಾಕಿಸಿದ್ದಕ್ಕೆ 38.5 ತೋರಿಸಿತು. ಐದು ಲೀಟರಿನ ಅಳತೆ ಕ್ಯಾನು ಬಂಕಿನಲ್ಲಿ ಇರಲೇಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಕೇಳಿದೆ. ಅಳತೆ ಗೆರೆಗೆ ಸರಿಯಾಗಿತ್ತು. ಹತ್ತು ಹದಿನೈದು ಲಾರಿ ಇಟ್ಟು, ತಿಂಗಳ ಲೆಕ್ಕ ನೋಡುವವರಿಗೆ ಈ ವಸ್ತು ಉಪಯೋಗಕ್ಕೆ ಬರಬಹುದು. ಒಂದು ಗಾಡಿಯವನಿಗೆ ಅದು ನಿದ್ದೆ ಕೆಡಿಸುವ ಯಂತ್ರ. ಕಳ್ಳ ಬಂದರೂ ಅದು ಹೇಳುವುದು ಡೀಸೆಲ್ ಹೋದ ಮೇಲೆ. ಬಟ್ಟೆ ಬಿದ್ದರೆ ಹೇಳುವುದೇ ಇಲ್ಲ. ವರ್ಷದ ದುಡ್ಡು ಮತ್ತೆ ಕಟ್ಟಲಿಲ್ಲ.

ಬೈಕಿನ ವೈಬ್ರೇಷನ್ ಅಲಾರಂ ಒಂದನ್ನು 400 ಕೊಟ್ಟು ಟ್ಯಾಂಕಿಗೆ ಅಂಟಿಸಿದ್ದೆ. ಲಾರಿ ಹೋದರೂ ಕೂಗುತ್ತದೆ, ನಾಯಿ ಮೈ ಉಜ್ಜಿದರೂ ಕೂಗುತ್ತದೆ. ಮೂರನೇ ರಾತ್ರಿ ಎದುರುಮನೆಯವರೇ ಬಂದು ಬಾಗಿಲು ತಟ್ಟಿದರು.

ದುಡ್ಡಿಲ್ಲದ ಉಪಾಯ ಹಳೇ ಡ್ರೈವರುಗಳದ್ದು: ಟ್ಯಾಂಕಿನ ಬದಿ ಗೋಡೆಗೆ ಒತ್ತಿ ನಿಲ್ಲಿಸುವುದು, ಒಂದು ಅಂಗೈ ಸಂದಿ ಬಿಟ್ಟು. ತರಕಾರಿ ಮಂಡಿಯಲ್ಲಾದರೆ ಗೋಡೆಯ ಬದಲು ಪರಿಚಯದವರ ಗಾಡಿ. ನಾನು ಈಗಲೂ ಅದನ್ನು ಬಿಟ್ಟಿಲ್ಲ, ಬಲಗಡೆ ಬಾಗಿಲು ತೆರೆಯಲಾಗದೆ ಎಡಗಡೆಯಿಂದ ತೂರಿ ಇಳಿಯುವುದೂ ತಪ್ಪಿಲ್ಲ. ರಾತ್ರಿ ನಿಲ್ಲಿಸುವ ಗಾಡಿಗೆ ಸಂಜೆಯೇ ಫುಲ್ ಮಾಡಿಸುವ ಚಾಳಿಯನ್ನೂ ಬಿಟ್ಟೆ, ಹೊರಡುವಾಗ ಹಾಕಿಸುತ್ತೇನೆ.

ಯಾರಾದರೂ ಕೇಳಿದರೆ ಮೊದಲು ಜಾಲರಿ ಹಾಕಿಸಿ ಅನ್ನುತ್ತೇನೆ. ಡ್ರೈನ್ ಬೋಲ್ಟ್ ಕೈಗೆ ಸಿಗುವಂತಿದ್ದರೆ ತೊಟ್ಟಿ. ಅದಕ್ಕೆ ದುಡ್ಡಿಲ್ಲದಿದ್ದರೆ ಡ್ರೈನ್ ಬೋಲ್ಟನ್ನೇ ಅಲೆನ್ ಬೋಲ್ಟಿಗೆ ಬದಲಿಸಿ ಗೋಲಿ ಹೊಡೆಸಿ, ಇಪ್ಪತ್ತು ರೂಪಾಯಿಯ ಕೆಲಸ, ಹಳೇ ಬೋಲ್ಟಿನ ಥ್ರೆಡ್ ಮತ್ತು ವಾಷರ್ ಹೊಂದಿಸಿಕೊಳ್ಳಿ. ಬೀಗದ ಮುಚ್ಚಳ ಆಮೇಲೆ, ವಾಲ್ವ್ ಇರುವಂಥದ್ದು. ನನ್ನ ಗಾಡಿಯಲ್ಲಿ ಈಗ ಜಾಲರಿ, ತೊಟ್ಟಿ, ಮುಚ್ಚಳ ಮೂರೂ ಇವೆ. ಇನ್ನೂ ಬಾಕಿ ಇರುವುದು ಇಂಜಿನ್ನಿಗೆ ಹೋಗುವ ಡೀಸೆಲ್ ಪೈಪಿನ ಕ್ಲಾಂಪು. ಚಾಸಿಯ ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರಿಗೆ ಬಿಚ್ಚುವಂತೆ ಹಾಗೇ ಇದೆ. ಅದಕ್ಕೇನು ಮಾಡಬಹುದು ಅಂತ ಮುಂದಿನ ಸರ್ವಿಸಿನಲ್ಲಿ ನೋಡಬೇಕು.