ಎಲೆಗೆ ಹೊಡೆಯುವ ಪಿಪಿಎಫ್‌ಎಂ ದ್ರಾವಣ: ಕೆಲವು ಬೇಸಿಗೆ ಬಳಸಿದ ಮೇಲೆ ಅನ್ನಿಸಿದ್ದು

ಪಿಪಿಎಫ್‌ಎಂ ಅನ್ನುವುದು ಎಲೆಯ ಮೇಲೆ ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಾದ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ. ಅದು ಜೀವಂತವಾಗಿರುವ ದ್ರಾವಣ ಬಾಟಲಿಯಲ್ಲಿ ಸಿಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಇದು ರೋಗಕ್ಕೆ ಔಷಧಿ ಅಲ್ಲ. ಬಾಟಲಿಯ ಮೇಲೆ ಬೆಳವಣಿಗೆ, ಹೂವು, ಇಳುವರಿ, ರೋಗ ತಡೆಯುವ ಶಕ್ತಿ ಅಂತ ಉದ್ದ ಪಟ್ಟಿಯೇ ಇದೆ. ಅದರಲ್ಲಿ ಒಂದೆರಡು ಮಾತ್ರ ನನ್ನ ಕಣ್ಣಿಗೆ ಬಿದ್ದಿವೆ. ಆದರೂ ಬಿಸಿಲು ಏರುವ ಹೊತ್ತಿಗೆ ಈಗಲೂ ಒಂದು ಬಾಟಲಿ ತರಿಸುತ್ತೇನೆ.

ಒಳಗಿರುವುದು ಮೀಥೈಲೋಬ್ಯಾಕ್ಟೀರಿಯಂ ಎಂಬ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾ. ಎಲೆ ಹಿಗ್ಗುವಾಗ ಅದರ ಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟಿನಂಥ ಪದಾರ್ಥದಿಂದ ಒಂಚೂರು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಹುಟ್ಟಿ, ಪತ್ರರಂಧ್ರಗಳಿಂದ ಆಚೆ ಬರುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಉಂಡ ಮನೆಗೆ ಏನೂ ಕೊಡದೆ ಹೋಗುವುದಿಲ್ಲ, ಗಿಡದ ಬೆಳವಣಿಗೆಗೆ ಬೇಕಾದ ಸೈಟೊಕೈನಿನ್‌ನಂಥ ಹಾರ್ಮೋನುಗಳನ್ನು ತಯಾರಿಸುತ್ತದೆ. ಗುಲಾಬಿ ಬಣ್ಣ ಕೆರೊಟಿನಾಯ್ಡ್ ಎಂಬ ಬಣ್ಣದ ಪದಾರ್ಥಗಳದ್ದು. ಬಯಲು ಬಿಸಿಲಿನಲ್ಲಿ ಬದುಕಲು ಅದು ಬೇಕೇ ಬೇಕು.

ಬಾಟಲಿಯಲ್ಲಿ ನಿಜವಾಗಿ ಜೀವ ಇದೆಯಾ ಅಂತ ನನಗೆ ಅನುಮಾನ ಇತ್ತು. ಲ್ಯಾಬ್‌ನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಮೆಥನಾಲ್ ಬಿಟ್ಟು ಬೇರೆ ಆಹಾರವೇ ಇಲ್ಲದ ಅಗರ್ ತಟ್ಟೆ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಹಾಕಿದ ತಟ್ಟೆ) ಮಾಡಿಕೊಟ್ಟಳು. ಸಿಂಪಡಿಸಿದ ಟೊಮೆಟೊ ಎಲೆಯನ್ನು ಅದರ ಮೇಲೆ ಮೆತ್ತಗೆ ಒತ್ತಿ ತೆಗೆದೆವು. ದಿನಗಳು ಕಳೆದಂತೆ ಎಲೆಯ ಅಚ್ಚು ತಾನಾಗಿ ಮೂಡಿತು. ಅಂಚಿನ ಹಲ್ಲುಗಳೂ ಗೊತ್ತಾಗುವ ಹಾಗೆ ಗುಲಾಬಿ ಚುಕ್ಕೆಗಳು, ನರದ ಗುಂಟ ಇನ್ನಷ್ಟು ಒತ್ತೊತ್ತಾಗಿ. ನೋಡೋಕೆ ಬಲು ಚಂದ. ಆದರೆ ಪಕ್ಕದ ತಟ್ಟೆಯಲ್ಲಿ ಏನೂ ಹೊಡೆಯದ ಗಿಡದ ಎಲೆಯೂ ಗುಲಾಬಿ ಅಚ್ಚು ಬಿಟ್ಟಿತ್ತು! ಚುಕ್ಕೆಗಳು ಕಡಿಮೆ, ಅಷ್ಟೇ.

ಅಂದರೆ ನಾವು ದುಡ್ಡು ಕೊಟ್ಟು ತರುವ ಜೀವಿ ಗಿಡದ ಮೇಲೆ ಮೊದಲೇ ಇರುತ್ತದೆ. ಎಲೆ ಖಾಲಿ ಜಾಗ ಅಲ್ಲವೇ ಅಲ್ಲ. ಒಂದು ಚದರ ಸೆಂಟಿಮೀಟರ್ ಎಲೆಯ ಮೇಲೆ 10 ಲಕ್ಷದಿಂದ 1 ಕೋಟಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅವು ಸಮನಾಗಿ ಹರಡಿಕೊಂಡಿರುವುದಿಲ್ಲ. ರೋಮದ ಬುಡ, ನರದ ಪಕ್ಕ, ಕೋಶಗಳ ನಡುವಿನ ಸಂದು, ಹೀಗೆ ನೀರು ನಿಲ್ಲುವ ಕಡೆ ಗುಂಪು ಕಟ್ಟಿಕೊಂಡಿರುತ್ತವೆ. ಒಳ್ಳೆ ಜಾಗ ಹಿಡಿದವರನ್ನು ಎಬ್ಬಿಸುವುದು ಕಷ್ಟ. ಸ್ಯೂಡೊಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಎಲೆಯ ಮೇಲೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೇ ಮಂಜುಗಡ್ಡೆ ಕಟ್ಟಿಸಿ ಬೆಳೆ ಸುಡುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಬೆರಿ, ಆಲೂಗಡ್ಡೆ ಗಿಡಗಳ ಮೇಲೆ ಅದರದ್ದೇ ಮಂಜು ಕಟ್ಟದ ತಳಿಯನ್ನು ಸಿಂಪಡಿಸಿ ನೋಡಿದ್ದು ಇದೇ ಲೆಕ್ಕಾಚಾರದ ಮೇಲೆ: ಕೆಟ್ಟದ್ದು ಬರುವ ಮೊದಲೇ ಜಾಗ ತುಂಬಿಸಿಬಿಡಬೇಕು.

ಹಾಗಾಗಿ ನಾನು ಬಲಿತ ಎಲೆಗೆ ಹೊಡೆಯುವುದನ್ನೇ ಬಿಟ್ಟೆ. ಕುಡಿ, ಎಳೆ ಎಲೆ, ಹೂ ಬಿಡುವ ಮುಂಚಿನ ಹಂತ, ಇಷ್ಟಕ್ಕೇ. ಎಳೆ ಎಲೆಯಲ್ಲಿ ಮೆಥನಾಲ್ ಜಾಸ್ತಿ, ಜಾಗಕ್ಕೆ ಪೈಪೋಟಿ ಕಡಿಮೆ. ಲೀಟರ್ ನೀರಿಗೆ 10 ಮಿಲಿ, ಹೊತ್ತು ಇಳಿದ ಮೇಲೆ, ಎಲೆಯ ಹಿಂಬದಿಗೂ ತಾಗುವ ಹಾಗೆ. ಕ್ಲೋರಿನ್ ಇರುವ ನಲ್ಲಿ ನೀರಾದರೆ ಹಿಂದಿನ ದಿನವೇ ಬಾಯಿ ಅಗಲದ ಪಾತ್ರೆಯಲ್ಲಿ ತೆರೆದಿಡುತ್ತೇನೆ. ಬೋರ್ಡೊ ದ್ರಾವಣ, ಇಲ್ಲಾ ತಾಮ್ರದ ಬೇರೆ ಯಾವುದೇ ಔಷಧಿ ಹೊಡೆದ ಬೆನ್ನಿಗೇ ಇದನ್ನು ಹೊಡೆದರೆ ಸುಮ್ನೆ ದಂಡ. ತಾಮ್ರಕ್ಕೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟದ್ದು ಅನ್ನೋ ಭೇದ ಇಲ್ಲ.

ಏನು ಸಿಕ್ಕಿತು? ಮೆಣಸಿನ ಗಿಡದಲ್ಲಿ ಬಿಸಿಲಿಗೆ ಹೂ ಉದುರುವುದು ಕಡಿಮೆಯಾಯಿತು. ನೀರು ಹಾಕುವುದು ಒಂದು ದಿನ ತಪ್ಪಿದರೂ ಸಿಂಪಡಿಸಿದ ಗಿಡ ಮಧ್ಯಾಹ್ನ ಅಷ್ಟಾಗಿ ಬಾಡಲಿಲ್ಲ. ಟೊಮೆಟೊದಲ್ಲಿ ವ್ಯತ್ಯಾಸ ಇತ್ತು, ಆದರೆ ಹೇಳಿಕೊಳ್ಳುವಂಥದ್ದಲ್ಲ. ಗುಲಾಬಿ ಗಿಡದಲ್ಲಿ ಏನೂ ಕಾಣಲಿಲ್ಲ, ಬೂದಿ ರೋಗ ಬರುವುದು ಬಂದೇ ಬಂತು. ಮಳೆಗಾಲದಲ್ಲಂತೂ ಸಿಂಪಡಿಸಿದ್ದಕ್ಕೂ ಸಿಂಪಡಿಸದ್ದಕ್ಕೂ ಫರಕ್ಕೇ ತಿಳಿಯಲಿಲ್ಲ. ಒಮ್ಮೆ ಹೊಡೆದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಹೊಸ ಎಲೆ ಬಂದಂತೆ ಮತ್ತೆ ಹೊಡೆಯಬೇಕು.

ದೊಡ್ಡ ತಕರಾರು ಪ್ಯಾಕಿಂಗ್ ಬಗ್ಗೆ. ಜೀವಂತ ಸರಕನ್ನು ಮಾರುವವರು ತಯಾರಾದ ದಿನಾಂಕವನ್ನು ಮುಚ್ಚಳದ ಅಂಚಿನಲ್ಲಿ, ಉಗುರಿನಿಂದ ಕೆರೆದರೆ ಹೋಗುವ ಶಾಯಿಯಲ್ಲಿ ಹಾಕಿದರೆ ಹೇಗೆ? ಮಿಲಿಗೆ ಎಷ್ಟು ಜೀವಕೋಶ ಅಂತ ಮುದ್ರಿಸುತ್ತಾರೆ, ಎಷ್ಟು ದಿನದವರೆಗೆ ಅಷ್ಟು ಉಳಿಯುತ್ತವೆ ಅಂತ ಬರೆಯಲ್ಲ. ಒಂದು ಸಲ ಬಂದ ಬಾಟಲಿ ಬಿಸಿಯಾಗಿ, ಉಬ್ಬಿಕೊಂಡು, ಮುಚ್ಚಳ ತೆಗೆದರೆ ಕೊಳೆತ ವಾಸನೆ. ಕಳಿಸಿದವರಿಗೆ ಬರೆದೆ. 'ಚೆನ್ನಾಗಿ ಅಲ್ಲಾಡಿಸಿ ಬಳಸಿ' ಅಂತ ಉತ್ತರ ಬಂತು. ಆಮೇಲೆ ಬೇರೆ ಕಡೆಯಿಂದ ತರಿಸಲು ಶುರು ಮಾಡಿದೆ.

ನೀರಿನ ಕೊರತೆ ಇರುವ ಕಡೆ ತರಕಾರಿ ಬೆಳೆಯುವವರಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಬೂದಿ ರೋಗಕ್ಕೆ ಅಂತ ಹುಡುಕುತ್ತಾ ಬಂದವರು ಇದನ್ನು ಬಿಟ್ಟು ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬೇರೆ ಬ್ಯಾಕ್ಟೀರಿಯಾ ಇರುವ ದ್ರಾವಣ ನೋಡಿ, ಅದೂ ಎಲೆಯೆಲ್ಲ ಬೆಳ್ಳಗಾಗುವ ಮೊದಲು. ಮತ್ತೆ ಲೀಟರ್ ಬಾಟಲಿ ಅಗ್ಗ ಅಂತ ತಗೊಳ್ಳಬೇಡಿ, ಬೇಸಿಗೆಗೆ ಮುಂಚೆ ಚಿಕ್ಕದೇ ಸಾಕು.